ಎಬ್ಬಿಸಬೇಡಿ, ಮಲಗಿರಲಿ

ಅವಳ ಹುದ್ದೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಆರೋಗ್ಯ, ಶಿಕ್ಷಣ, ಜಾಗೃತಿ, ಸಂಯೋಜಕಿ ಎಂಬ ಭಾರೀ ಪದಗಳೆಲ್ಲ ಅದರಲ್ಲಿ ಸಾಲುಗಟ್ಟಿ ನಿಂತಿದ್ದವು. ಮಕ್ಕಳಿಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ? ಪ್ಲಾಸ್ಟಿಕ್ ಗೊಂಬೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಶಾಲೆಯಿಂದ ಶಾಲೆಗೆ ತಿರುಗುವ ಹೆಂಗಸಿಗೆ ಅವರು ಗೊಂಬೆ ಮೇಡಂ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದರು. ಗೊಂಬೆಗೆ ಕೈಕಾಲಿಲ್ಲ, ಬರೀ ತಲೆ ಮತ್ತು ಮುಂಡ. ಎದೆಯ ಮುಚ್ಚಳ ತೆಗೆದರೆ ಹೃದಯ, ಶ್ವಾಸಕೋಶ, ಕರುಳು ಎಲ್ಲವೂ ಬಿಡಿಬಿಡಿಯಾಗಿ ಕೈಗೆ ಬರುತ್ತಿದ್ದವು. ಅವಳು ಲಿವರನ್ನು ಹೊರಗೆ ತೆಗೆದು, "ಕುಡಿತ ಮೊದಲು ಕೈ ಹಾಕೋದು ಇದಕ್ಕೇ" ಎಂದು ಎತ್ತಿ ಹಿಡಿದರೆ ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ, "ವಾಪಸ್ ಹಾಕಿ ಮೇಡಂ, ಪಾಪ ಅವನಿಗೆ ಚಳಿಯಾಗುತ್ತೆ" ಅನ್ನುತ್ತಿದ್ದ. ಇಡೀ ತರಗತಿ ಗೊಳ್ಳೆಂದು ನಗುತ್ತಿತ್ತು. ಅವಳೂ ನಗುತ್ತಿದ್ದಳು. ನಗುವ ಮಕ್ಕಳ ಕಿವಿ ತೆರೆದಿರುತ್ತದೆ ಎಂಬುದು ಅವಳ ನಂಬಿಕೆ.

ಈ ಕೆಲಸಕ್ಕೆ ಬರುವ ಮೊದಲು ಅವಳು ದೊಡ್ಡ ಆಸ್ಪತ್ರೆಯೊಂದರ ತುರ್ತು ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಬೆನ್ನು ನೋವು ಹೆಚ್ಚಾಗಿ ವಾರ್ಡ್ ಬಿಟ್ಟಳು. ಇಲ್ಲಿ ಸೇರಿದಾಗ ಇಲಾಖೆಯವರು ಗೊಂಬೆಯ ಜೊತೆಗೆ ಭಾಷಣವನ್ನೂ ಕೊಟ್ಟರು. ಅದನ್ನು ಬರೆದ ಪುಣ್ಯಾತ್ಮ ಯಾರೋ, ಬದುಕಿನಲ್ಲಿ ಒಮ್ಮೆಯೂ ಹದಿನಾರರ ಹುಡುಗನ ಜೊತೆ ಮಾತಾಡಿದವನಲ್ಲ. ‘ಮದ್ಯ ಹಾಗೂ ಮಾದಕ ವಸ್ತುಗಳ ಸೇವನೆಯಿಂದ ವ್ಯಕ್ತಿಯು ಪ್ರಜ್ಞಾಹೀನ ಸ್ಥಿತಿ ತಲುಪಿ, ಉಸಿರಾಟದಲ್ಲಿ ಏರುಪೇರು ಕಂಡುಬಂದಲ್ಲಿ, ತಕ್ಷಣವೇ ವೈದ್ಯಕೀಯ ನೆರವು ಪಡೆಯತಕ್ಕದ್ದು.’ ಲಿವರಿನ ಮಾತನ್ನು ಅವಳು ತನ್ನದೇ ಶೈಲಿಯಲ್ಲಿ ಹೇಳುತ್ತಿದ್ದಳು. ಈ ವಾಕ್ಯ ಬಂದಾಗ ಮಾತ್ರ ಬರೆದದ್ದನ್ನು ಬರೆದ ಹಾಗೆಯೇ ಒಪ್ಪಿಸುತ್ತಿದ್ದಳು. ಜೀವದ ಪ್ರಶ್ನೆ, ಒಂದಕ್ಷರ ಆಚೀಚೆ ಆಗಬಾರದು ಎಂಬ ಭಯಭಕ್ತಿ ಅವಳದು.

ಮನೆಯಲ್ಲಿ ಆ ವಾಕ್ಯ ದೊಡ್ಡ ತಮಾಷೆಯಾಗಿತ್ತು. ಮಗಳು ಗುಬ್ಬಿ ಮತ್ತು ಅವಳ ಗೆಳೆಯ ಸಿಳ್ಳೆ ಇಬ್ಬರಿಗೂ ಅದು ಬಾಯಿಪಾಠ. ಶಾಲೆಯಿಂದ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಸಿವು ಕಂಡುಬಂದಲ್ಲಿ ತಕ್ಷಣವೇ ತಿಂಡಿ ನೀಡತಕ್ಕದ್ದು" ಎನ್ನುತ್ತಿದ್ದರು. ಸಿಳ್ಳೆ ಎಂಬುದು ಅವನ ನಿಜವಾದ ಹೆಸರಲ್ಲ ಎಂದು ಹೇಳಬೇಕಾಗಿಲ್ಲ. ಪಕ್ಕದ ಬೀದಿಯ ಟೈಲರ್ ಅಕ್ಕನ ಒಬ್ಬನೇ ಮಗ ಅವನು. ಹಲ್ಲು ಬಂದಾಗಿನಿಂದ ಸಿಳ್ಳೆ ಹಾಕುತ್ತಿದ್ದ ಎಂದು ಅವನಮ್ಮ ಹೇಳಿಕೊಂಡು ನಗುತ್ತಿದ್ದಳು. ಗುಬ್ಬಿಯನ್ನು ಕರೆಯಲು ಕಿಟಕಿಯ ಕೆಳಗೆ ನಿಂತರೂ ಸಿಳ್ಳೆಯೇ, ಆದರೆ ಮೆಲ್ಲಗೆ. ಯಾಕೆಂದರೆ ಆ ಮನೆಯಲ್ಲಿ ಹಗಲು ಹೊತ್ತು ಸದ್ದು ಮಾಡುವ ಹಾಗಿರಲಿಲ್ಲ.

ಗೊಂಬೆ ಮೇಡಂ ಅವರ ಗಂಡ ಬಸ್ ಡ್ರೈವರ್. ರಾತ್ರಿಯೆಲ್ಲ ದೂರದ ಊರಿಗೆ ಬಸ್ ಓಡಿಸಿ ಬೆಳಿಗ್ಗೆ ಮನೆ ಸೇರಿ, ನಡುಮನೆಯ ದಿವಾನದ ಮೇಲೆ ಬಿದ್ದುಕೊಂಡರೆ ಗೊರಕೆ ಶುರು. ಅದೇನು ಸಾಮಾನ್ಯ ಗೊರಕೆಯೇ! ಷೋಕೇಸಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. "ಅಪ್ಪನ ಬಸ್ ಸ್ಟ್ಯಾಂಡ್ ಬಿಡ್ತು" ಎಂದು ಗುಬ್ಬಿ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಆಗ ಅಮ್ಮ ತುಟಿಯ ಮೇಲೆ ಬೆರಳಿಟ್ಟು ಪಿಸುಗುಡುತ್ತಿದ್ದಳು: "ಶ್! ಗೊರಕೆ ಬಂತು ಅಂದ್ರೆ ಒಳ್ಳೇ ನಿದ್ದೆ ಹತ್ತಿದೆ ಅಂತ. ಎಬ್ಬಿಸ್ಬೇಡಿ, ಮಲಗಿರ್ಲಿ." ಡ್ರೈವರನ ನಿದ್ದೆ ಕೆಟ್ಟರೆ ಬಸ್ಸಿನಲ್ಲಿ ಕೂತವರ ಗತಿಯೇನು? ಹಾಗಾಗಿ ಆ ಮನೆಯಲ್ಲಿ ಗೊರಕೆಗೆ ದೇವರಿಗೆ ಸಲ್ಲುವ ಮರ್ಯಾದೆ ಸಲ್ಲುತ್ತಿತ್ತು. ಗೊರಕೆ ಕೇಳಿದ ಕೂಡಲೇ ಪರದೆ ಎಳೆಯಬೇಕು, ಟೀವಿ ಆರಿಸಬೇಕು, ಹೊದಿಕೆ ಜಾರಿದ್ದರೆ ಸರಿಮಾಡಬೇಕು, ತುದಿಗಾಲಲ್ಲಿ ಆಚೆ ಹೋಗಬೇಕು. ಗುಬ್ಬಿ ನಡೆಯಲು ಕಲಿತದ್ದೇ ತುದಿಗಾಲಲ್ಲಿ ಎಂದರೂ ತಪ್ಪಿಲ್ಲ.

ಪರೀಕ್ಷೆ ಮುಗಿದ ದಿನ ಮಧ್ಯಾಹ್ನ ಮಕ್ಕಳೆಲ್ಲ ಒಬ್ಬ ಸಹಪಾಠಿಯ ಮನೆಯಲ್ಲಿ ಸೇರಿದ್ದರು. ಅವನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಯಾರೋ ಬಾಟಲಿ ತಂದಿದ್ದ. ಇನ್ಯಾರೋ ಅಜ್ಜಿಯ ಔಷಧಿ ಡಬ್ಬಿಯಿಂದ ನಿದ್ದೆ ಮಾತ್ರೆ ಎಗರಿಸಿಕೊಂಡು ಬಂದಿದ್ದ. ಎರಡೂ ಸೇರಿದರೆ ಮಜಾ ಬರುತ್ತದೆ ಎಂದು ಎಲ್ಲಿಂದಲೋ ಕೇಳಿಸಿಕೊಂಡ ಮಾತು. ಗುಬ್ಬಿ ಒಂದು ಗುಟುಕು ಕುಡಿದು ಮುಖ ಹಿಂಡಿ ಲೋಟ ಕೆಳಗಿಟ್ಟಳು. ಸಿಳ್ಳೆ ಇಡಲಿಲ್ಲ. ಅಷ್ಟು ದಿನ ಓದಿ ಓದಿ ಸಾಕಾಗಿದ್ದ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಮಾತ್ರೆಯನ್ನೂ ನುಂಗಿದ. ಸ್ವಲ್ಪ ಹೊತ್ತು ಕುಣಿದ, ಆಮೇಲೆ ಸೋಫಾದ ಮೇಲೆ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯತೊಡಗಿದ.

ಕನ್ನಡಕದ ಹುಡುಗಿಯೊಬ್ಬಳು, "ಯಾಕೋ ಸೌಂಡು ಒಂಥರಾ ಇದೆ ಕಣೆ, ಯಾರಿಗಾದ್ರೂ ಫೋನ್ ಮಾಡೋಣ" ಅಂದಳಂತೆ. ಗುಬ್ಬಿ ತುಟಿಯ ಮೇಲೆ ಬೆರಳಿಟ್ಟಳಂತೆ. "ಒಳ್ಳೇ ನಿದ್ದೆ ಹತ್ತಿದೆ. ಎಬ್ಬಿಸ್ಬೇಡ್ರೋ, ಮಲಗಿರ್ಲಿ." ಪರದೆ ಎಳೆದಳು. ಒಳಗಿನಿಂದ ಹೊದಿಕೆ ತಂದು ಕುತ್ತಿಗೆಯವರೆಗೆ ಹೊದಿಸಿದಳು. ಎಲ್ಲರನ್ನೂ ಪಕ್ಕದ ಕೋಣೆಗೆ ಅಟ್ಟಿ, ತುದಿಗಾಲಲ್ಲಿ ತಾನೂ ಹೋಗಿ, ಬಾಗಿಲು ಮುಂದೆ ಮಾಡಿದಳು. ಅವರು ಇಸ್ಪೀಟು ಆಡುತ್ತ ಕೂತರು. ಗೊರಕೆ ನಿಂತದ್ದು ಅವರಲ್ಲಿ ಕೆಲವರಿಗೆ ಗೊತ್ತಾಯಿತು. ಮಗ್ಗುಲು ಬದಲಿಸಿರಬೇಕು ಎಂದುಕೊಂಡರು.

ಸಂಜೆ ಗೊಂಬೆ ಮೇಡಂ ಅವರಿಗೆ ಗುಬ್ಬಿಯ ಫೋನ್ ಬಂದಾಗ "ಸಿಳ್ಳೆ ಏಳ್ತಿಲ್ಲಮ್ಮ" ಎಂಬುದೊಂದು ಬಿಟ್ಟರೆ ಬರೀ ಅಳು. ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಆ ಸಹಪಾಠಿಯ ಮನೆಗೆ ಓಡಿದಳು. ಸಿಳ್ಳೆಯ ಮೈ ಮುಟ್ಟಿದ ಕೂಡಲೇ ಅವಳ ಕೈಗೆ ಗೊತ್ತಾಯಿತು. ಆದರೂ ಆಂಬುಲೆನ್ಸ್ ಬರುವವರೆಗೆ ಅವನ ಎದೆ ಒತ್ತುತ್ತಲೇ ಇದ್ದಳು. ಬಾಗಿಲಲ್ಲಿ ನಿಂತ ಮಕ್ಕಳು ನೋಡುತ್ತಿದ್ದರು. ಮೇಡಂ ಕೈ ಇಟ್ಟಿದ್ದಾರಲ್ಲ, ಇನ್ನೇನು ಎದ್ದು ಕೂರುತ್ತಾನೆ ಎಂಬ ನಂಬಿಕೆ ಆ ಮುಖಗಳ ಮೇಲಿತ್ತು. ಅದನ್ನು ನೋಡಲಾರದೆ ಅವಳು ತಲೆ ತಗ್ಗಿಸಿ ಒತ್ತಿದಳು.

ಆಮೇಲೆ ಗುಬ್ಬಿ ಬಾಯಿ ಬಿಡಲಿಲ್ಲ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದಳು, ಎಬ್ಬಿಸಿದರೆ ಏಳುತ್ತಿದ್ದಳು, ಮಲಗು ಅಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಹದಿನಾರರ ಹುಡುಗಿಯ ಬೆನ್ನು ಮುದುಕಿಯ ಬೆನ್ನಿನಂತೆ ಬಾಗಿತು. ಅವಳು ಹೀಗೇ ಕರಗಿ ಹೋಗಿಬಿಡುತ್ತಾಳೆ ಎಂದು ಅಮ್ಮ ಹೆದರಿದಳು. ಮಾತಾಡಿಸಲು ಆಪ್ತ ಸಲಹೆಗಾರ್ತಿಯ ಬಳಿ ಕರೆದುಕೊಂಡು ಹೋದರೆ ಅಲ್ಲಿಯೂ ಮೂಕಿ.

ಒಂದು ದಿನ ಬೆಳಿಗ್ಗೆ ಅಮ್ಮ ಪಾತ್ರೆ ತೊಳೆಯುತ್ತಿರುವಾಗ ಗುಬ್ಬಿ ತಾನಾಗಿಯೇ ಬಂದು ಪಕ್ಕದಲ್ಲಿ ನಿಂತಳು.

"ಅಮ್ಮಾ, ನೀನು ಕ್ಲಾಸಲ್ಲಿ ಹೇಳಿದ್ದು ನಂಗೆ ನೆನಪಿತ್ತಮ್ಮ. ಉಸಿರಾಟದಲ್ಲಿ ಏರುಪೇರು ಅಂತ. ನಾನು ನೋಡಿದ್ದೆ. ಉಸಿರಾಡ್ತಾನೇ ಇದ್ದ. ಜೋರಾಗಿ ಗೊರಕೆ ಹೊಡೀತಿದ್ದ."

"ಹೇಗಿತ್ತು ಗೊರಕೆ?"

ಕೇಳಬಾರದಿತ್ತು. ವಾರ್ಡಿನ ಹಳೆಯ ಅಭ್ಯಾಸ, ನಾಲಿಗೆ ತಾನಾಗಿ ಕೇಳಿಬಿಟ್ಟಿತು. ಗುಬ್ಬಿ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ವಾಲಿಸಿ, ಮಾಡಿ ತೋರಿಸಿದಳು. ಗಂಟಲ ಆಳದಿಂದ ಒಂದು ಗರಗರ. ಅದರೊಳಗೆ ನೀರು ಗಳಗಳ ಅಂದ ಹಾಗೆ ಸದ್ದು. ಆಮೇಲೆ ಏನೂ ಇಲ್ಲ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಒಮ್ಮೆಲೇ ಗರ್ರ್ ಎಂದು ಎಳೆದುಕೊಂಡ ಉಸಿರು.

ಗೊಂಬೆ ಮೇಡಂ ಆ ಸದ್ದನ್ನು ಗುರುತು ಹಿಡಿದಳು. ವಾರ್ಡಿನಲ್ಲಿ ಈ ಸದ್ದು ಕೇಳಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ ಓಡುತ್ತಿದ್ದರು. ಅದು ನಿದ್ದೆಯಲ್ಲ. ನಾಲಿಗೆ ಹಿಂದಕ್ಕೆ ಬಿದ್ದು, ಗಂಟಲು ಕಟ್ಟಿ, ಜೀವ ಉಸಿರಿಗಾಗಿ ಗುದ್ದಾಡುವ ಸದ್ದು. ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಲ್ಲ ಮೇಲೆತ್ತಿ ಹಿಡಿದು, ಪಕ್ಕದಲ್ಲೇ ಕೂತು ಆಂಬುಲೆನ್ಸ್ ಕರೆದಿದ್ದರೆ ಅವನು ಇವತ್ತು ಕಿಟಕಿಯ ಕೆಳಗೆ ನಿಂತು ಸಿಳ್ಳೆ ಹಾಕುತ್ತಿದ್ದ. ಇಷ್ಟೂ ಅವಳಿಗೆ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಆದರೆ ಆ ಸದ್ದಿನ ಹೆಸರು ಗೊರಕೆ ಎಂದು ಒಂದು ತರಗತಿಯಲ್ಲೂ ಅವಳು ಹೇಳಿರಲಿಲ್ಲ. ಮನೆಯಲ್ಲಿ ಗೊರಕೆಯ ಬಗ್ಗೆ ಹೇಳಿಕೊಟ್ಟದ್ದು ಬೇರೆಯೇ ಪಾಠ.

"ಅಮ್ಮಾ, ನಾವು ಫೋನ್ ಮಾಡಿದ್ರೆ ಅವನು ಉಳೀತಿದ್ನಾ?"

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಮಗಳ ಮುಖ ನೋಡಿದಳು. ಗುಳಿಬಿದ್ದ ಕಣ್ಣು, ಒಣಗಿದ ತುಟಿ. ಒಂದು ಮಾತಿಗೆ ಕಾದು ನಿಂತಿದ್ದ ಜೀವ.

"ಇಲ್ಲ ಕಂದಾ. ಮಾತ್ರೆ ಒಳಗೆ ಹೋದ್ಮೇಲೆ ಯಾರ ಕೈಲೂ ಏನೂ ಆಗ್ತಿರ್ಲಿಲ್ಲ. ಅವನು ನಿದ್ದೇಲೇ ಹೋದ. ಅವನಿಗೆ ಏನೂ ಗೊತ್ತೇ ಆಗ್ಲಿಲ್ಲ."

ಗುಬ್ಬಿ ಅಮ್ಮನ ಹೆಗಲಿಗೆ ಮುಖ ಒತ್ತಿ, ಅಷ್ಟು ದಿನ ಕಟ್ಟಿಕೊಂಡಿದ್ದ ಅಳುವನ್ನೆಲ್ಲ ಒಮ್ಮೆಲೇ ಅತ್ತಳು. ಮಧ್ಯಾಹ್ನ ಒಂದು ತಟ್ಟೆ ಅನ್ನ ಉಂಡಳು. ಅಮ್ಮ ಒಲೆಯ ಕಡೆ ತಿರುಗಿ ನಿಂತು, ಸೆರಗು ಬಾಯಿಗೆ ತುರುಕಿಕೊಂಡು, ಮಗಳು ಉಣ್ಣುವ ಸದ್ದು ಕೇಳಿದಳು.

ಸುಳ್ಳು ಒಳ್ಳೆಯ ಮದ್ದಿನ ಹಾಗೆ ಕೆಲಸ ಮಾಡಿತು. ಗುಬ್ಬಿ ತಲೆ ಬಾಚಿಕೊಂಡಳು, ಬಾಗಿಲಾಚೆ ಹೋದಳು. ಮೊದಲು ಹೋದದ್ದು ಟೈಲರ್ ಅಕ್ಕನ ಅಂಗಡಿಗೆ. ಅಂಗಡಿಯೆಂದರೆ ಮಾಳಿಗೆ ಮೇಲಿನ ಒಂದೇ ಕೋಣೆ, ಅದರ ಹಿಂದಿನ ಅರ್ಧವೇ ತಾಯಿ ಮಗನ ಮನೆ. ಶಾಲೆಗಳ ಯೂನಿಫಾರ್ಮು ಹೊಲಿಯುವುದು ಅವಳ ಕೆಲಸ. "ನಿದ್ದೇಲೇ ಹೋದನಂತೆ ಆಂಟಿ, ಅವನಿಗೆ ಏನೂ ಗೊತ್ತಾಗ್ಲಿಲ್ವಂತೆ, ಅಮ್ಮ ಹೇಳಿದ್ರು" ಎಂದು ಗುಬ್ಬಿ ಹೇಳಿದಾಗ ಆ ತಾಯಿ ಅವಳನ್ನು ಎದೆಗೆ ಒತ್ತಿಕೊಂಡಳಂತೆ. ಅವತ್ತಿನಿಂದ ದಿನಾ ಸಂಜೆ ಗುಬ್ಬಿ ಅಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಒಮ್ಮೆ ದಾರಿಯಲ್ಲಿ ಸಿಕ್ಕ ಟೈಲರ್ ಅಕ್ಕ ಗೊಂಬೆ ಮೇಡಂ ಅವರ ಕೈ ಹಿಡಿದುಕೊಂಡು, "ನಿಮ್ಮ ಮಗಳು ಬಂದು ಕೂತ್ರೆ ನಂಗೆ ಒಂದು ತುತ್ತು ಒಳಗೆ ಹೋಗುತ್ತೆ ಮೇಡಂ. ಕೊನೇಲಿ ಅವನಿಗೆ ಹೊದಿಸಿದ ಕೈ ಅಲ್ವಾ ಅದು" ಅಂದಳು. ಗೊಂಬೆ ಮೇಡಂ ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತಳು.

ಗಂಡನಿಗೆ ಮಾತ್ರ ಅವಳು ನಿಜ ಹೇಳಿದ್ದಳು. ಅವನು ಮಾರನೆಯ ದಿನದಿಂದ ಮನೆಯಲ್ಲಿ ಮಲಗುವುದನ್ನೇ ಬಿಟ್ಟ. ಡಿಪೋದ ವಿಶ್ರಾಂತಿ ಕೋಣೆಯಲ್ಲೇ ನಿದ್ದೆ ಮುಗಿಸಿ, ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ. "ಅವಳಿಗೆ ನನ್ನ ಗೊರಕೆ ಕೇಳ್ಬಾರ್ದು ಕಣೆ" ಎಂದಷ್ಟೇ ಹೇಳಿದ. ದಿವಾನದ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಗುಡ್ಡೆಬಿದ್ದಿತು.

ಕೆಲಸ ಬಿಡುತ್ತೇನೆ ಎಂದು ಅವಳು ಅರ್ಜಿ ಕೊಡಲು ಹೊರಟರೆ ಮೇಲಿನವರು, ಇಂಥ ಸಮಯದಲ್ಲೇ ನಿಮ್ಮಂಥವರು ಬೇಕು ಎಂದು ಇನ್ನಷ್ಟು ಶಾಲೆಗಳನ್ನು ತಲೆಗೆ ಕಟ್ಟಿದರು. ಪಟ್ಟಣದ ಆಚೆ ಕೊನೆಯ ಶಾಲೆಯೊಂದರಲ್ಲಿ ಅವಳು ಮತ್ತೆ ಗೊಂಬೆಯ ಎದೆ ತೆರೆದಳು. ಮಕ್ಕಳು ನಕ್ಕರು. ಅವಳಿಗೆ ನಗು ಬರಲಿಲ್ಲ. ಕೊನೆಯಲ್ಲಿ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಒಬ್ರು ಕುಡಿದು ಮಲಗಿದ್ರೆ, ಅದು ನಿದ್ದೆನಾ, ಇಲ್ಲಾ ಪ್ರಜ್ಞೆ ತಪ್ಪಿದ್ದಾ, ಹೇಗೆ ಗೊತ್ತಾಗುತ್ತೆ?"

ಹುಡುಗಿಯ ಧ್ವನಿಯಲ್ಲಿ ಪರೀಕ್ಷೆಯ ಪ್ರಶ್ನೆಯ ಲಕ್ಷಣವಿರಲಿಲ್ಲ. ಮನೆಯಿಂದ ಹೊತ್ತು ತಂದ ಪ್ರಶ್ನೆ ಅದು. ಗೊಂಬೆ ಮೇಡಂ ಬಾಯಿ ತೆರೆದಳು. ಗೊರಕೆ ಎಂಬ ಪದ ನಾಲಿಗೆಯ ತುದಿಗೆ ಬಂತು. ಇಲ್ಲಿ ಹೇಳಿದರೆ ನಾಳೆ ಅಲ್ಲಿ ಹೇಳಬೇಕು, ಮುಂದಿನ ವಾರ ಮಗಳ ಶಾಲೆಯಲ್ಲೇ ಹೇಳಬೇಕು, ಕನ್ನಡಕದ ಹುಡುಗಿ ತಿರುಗಿ ಗುಬ್ಬಿಯ ಮುಖ ನೋಡಬೇಕು. ಅವಳು ಆ ಪದವನ್ನು ನುಂಗಿಕೊಂಡಳು.

"ಉಸಿರಾಟದಲ್ಲಿ ಏರುಪೇರು ಕಂಡುಬಂದಲ್ಲಿ, ತಕ್ಷಣವೇ ವೈದ್ಯಕೀಯ ನೆರವು ಪಡೆಯತಕ್ಕದ್ದು."

ಹುಡುಗಿ ಅರ್ಥವಾದವಳ ಹಾಗೆ ತಲೆಯಾಡಿಸಿ ಕೂತಳು. ಅರ್ಥವಾಗಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸಿನಲ್ಲಿ ಕೂತ ಗೊಂಬೆ ಮೇಡಂ ಎರಡನೆಯ ನಿಲ್ದಾಣಕ್ಕೇ ಎದ್ದು ಇಳಿದುಬಿಟ್ಟಳು. ಗೊಂಬೆಯನ್ನು ಅವುಚಿಕೊಂಡು ಬಂದ ದಾರಿಯಲ್ಲೇ ಏದುಸಿರು ಬಿಡುತ್ತ ಓಡಿದಳು. ಶಾಲೆ ಬಿಟ್ಟಿತ್ತು. ಗೇಟಿನ ಹತ್ತಿರ ಆ ಹುಡುಗಿ ಸಿಕ್ಕಳು. ಸಿಗದಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿಲ್ಲ.

"ಕುಡಿದು ಮಲಗೋರು ಯಾರು ಪುಟ್ಟಾ?"

ಹುಡುಗಿ ಆಚೀಚೆ ನೋಡಿದಳು. "ನಮ್ಮಣ್ಣ."

"ನೋಡು, ಹೆಸರು ಹಿಡಿದು ಕೂಗು. ಭುಜ ಹಿಡಿದು ಜೋರಾಗಿ ಅಲ್ಲಾಡ್ಸು, ಚಿವುಟು. ಅದಕ್ಕೂ ಏಳ್ಲಿಲ್ಲ ಅಂದ್ರೆ ಅದು ನಿದ್ದೆ ಅಲ್ಲ. ಒಂದು ಮಗ್ಗುಲಿಗೆ ಹೊರಳಿಸಿ ಮಲಗ್ಸು, ಅಂಗಾತ ಬಿಡ್ಬೇಡ. ಆಂಬುಲೆನ್ಸಿಗೆ ಫೋನ್ ಮಾಡು. ಯಾರು ಬೈತಾರೋ ಅಂತ ಯೋಚ್ನೆ ಮಾಡ್ಬೇಡ. ಅವರು ಬರೋವರ್ಗೂ ಬಿಟ್ಟು ಹೋಗ್ಬೇಡ. ಮತ್ತೆ... ಗೊರಕೆ. ಗರಗರ ಅಂತ ಗೊರಕೆ ಬಂದು, ಮಧ್ಯ ಮಧ್ಯ ನಿಂತುಹೋಗ್ತಿದ್ರೆ ಅದೂ ಅಪಾಯಾನೇ."

ಹುಡುಗಿಯ ಮುಖದ ಬಣ್ಣ ಇಳಿಯಿತು. "ಗೊರಕೆನೂನಾ ಮೇಡಂ? ನಾವು ಅಮ್ಮ ಮಗಳು ಬಾಗಿಲ ಹತ್ರ ನಿಂತು ಗೊರಕೆ ಕೇಳ್ತೀವಿ. ಕೇಳಿದ್ರೆ ಸದ್ಯ, ಮಲಗಿದಾನೆ ಅಂತ ಸಮಾಧಾನ ಮಾಡ್ಕೊಂಡು ಹೋಗಿ ಮಲಗ್ತೀವಿ."

ಅಷ್ಟು ಕೇಳಿದ ಮೇಲೆ ಗೊಂಬೆ ಮೇಡಂ ಅವರಿಗೆ ಬೇರೆ ದಾರಿ ಉಳಿಯಲಿಲ್ಲ. ಆ ಒಂದು ಪದ ಗೊತ್ತಿಲ್ಲದೆ ಎಷ್ಟು ಬಾಗಿಲುಗಳ ಹೊರಗೆ ಎಷ್ಟು ಜನ ಸಮಾಧಾನದಿಂದ ನಿಂತಿದ್ದಾರೋ! ಆದರೆ ಮಗಳು? ಮಗಳ ಎದೆಗೆ ತಾನೇ ಕೈಯಾರೆ ಚೂರಿ ಹಾಕಬೇಕಲ್ಲ ಎಂದು ಅವಳು ನಡುಬೀದಿಯಲ್ಲಿ ಹೆಜ್ಜೆ ಹೆಜ್ಜೆಗೂ ಸತ್ತಳು.

ಶಾಲೆಗಳಲ್ಲಿ ಗೊರಕೆಯ ವಿಷಯ ಹೇಳಿಬಿಡುತ್ತೇನೆ ಎಂದು ಊಟದ ಹೊತ್ತಿಗೆ ಬಂದ ಗಂಡನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ.

"ಬೇಡ ಕಣೆ. ಈಗ್ತಾನೇ ಚೇತರಿಸಿಕೊಳ್ತಿದೆ. ನಮ್ಗಿರೋದು ಒಂದೇ ಮಗು."

"ಅವರಿಗೂ ಒಂದೇ ಇತ್ತು."

ಅವನು ಎದ್ದು ಕೈ ತೊಳೆದ. ಒರೆಸಿಕೊಂಡ ಟವೆಲನ್ನು ಮತ್ತೆ ಮತ್ತೆ ಮಡಿಸಿದ. "ಹಾಗಿದ್ರೆ ಸ್ಕೂಲಲ್ಲಿ ಕೇಳಿ ಗೊತ್ತಾಗೋದು ಬೇಡ. ನೀನೇ ಹೇಳು" ಎಂದು ಹೇಳಿ ಡಿಪೋಗೆ ಹೊರಟುಹೋದ.

ರಜೆಯ ದಿನ ಬೆಳಿಗ್ಗೆ ಗುಬ್ಬಿ ದಿವಾನದ ಮೇಲಿನ ಬಟ್ಟೆ ಮಡಿಸುತ್ತಿದ್ದಳು. ಅಮ್ಮ ಪಕ್ಕದಲ್ಲಿ ಕೂತಳು. ಪೀಠಿಕೆ ಹಾಕಿದರೆ ಹೇಳಲಾರೆ ಎಂದು ಗೊತ್ತಿತ್ತು.

"ಗುಬ್ಬಿ, ನಾನು ನಿಂಗೆ ಸುಳ್ಳು ಹೇಳ್ದೆ. ನೀನು ಮಾಡಿ ತೋರಿಸಿದ್ಯಲ್ಲ, ಆ ಗೊರಕೆ... ಅದು ನಿದ್ದೆ ಆಗಿರ್ಲಿಲ್ಲ."

ಗುಬ್ಬಿ ಮಡಿಸುತ್ತಿದ್ದ ಅಂಗಿಯನ್ನು ಹಿಡಿದುಕೊಂಡೇ ಕೇಳಿದಳು. ಅಮ್ಮ ಎಲ್ಲವನ್ನೂ ಹೇಳಿದಳು. ನಾಲಿಗೆ ಹಿಂದೆ ಬೀಳುವುದು, ಉಸಿರು ಕಟ್ಟುವುದು, ಮಗ್ಗುಲಿಗೆ ಹೊರಳಿಸುವುದು. ಒಂದನ್ನೂ ಬಿಡಲಿಲ್ಲ, ಒಂದನ್ನೂ ದೊಡ್ಡ ಪದಗಳ ಹಿಂದೆ ಬಚ್ಚಿಡಲಿಲ್ಲ.

"ಅಂದ್ರೆ ಅವಳು ಫೋನ್ ಮಾಡೋಣ ಅಂದಿದ್ದು ಸರಿ ಇತ್ತು."

"ಹೂಂ."

"ನಾನು ಬೇಡ ಅಂದೆ."

"ನಿಂಗೆ ಗೊತ್ತಿರ್ಲಿಲ್ಲ ಕಂದಾ. ಗೊತ್ತಿದ್ದೋಳು ನಾನು. ಗೊತ್ತಿದ್ದೂ ಸ್ಕೂಲಲ್ಲಿ ಹೇಳ್ದೇ ಇದ್ದೋಳು ನಾನು. ಗೊರಕೆ ಅಂದ್ರೆ ಒಳ್ಳೇ ನಿದ್ದೆ ಅಂತ ನಿಂಗೆ ಚಿಕ್ಕಂದಿನಿಂದ ಹೇಳ್ಕೊಟ್ಟೋಳೂ ನಾನೇ. ಬೈಬೇಕು ಅಂದ್ರೆ ನನ್ನ ಬೈಯೇ."

ಗುಬ್ಬಿ ಬೈಯಲಿಲ್ಲ. ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಮ್ಮ ಬಾಗಿಲಿಗೆ ಕಿವಿಯಿಟ್ಟು ನಿಂತಳು. "ಪುಟ್ಟಾ, ಅಳು, ಆದ್ರೆ ಸದ್ದು ಮಾಡಿ ಅಳು, ನಂಗೆ ಕೇಳ್ಬೇಕು" ಎಂದಳು. ಒಳಗಿನಿಂದ ಬಂದ ಸದ್ದು ಅಳುವಿನದಲ್ಲ. ಬಾಯಿಗೆ ಬಟ್ಟೆ ಹಿಡಿದುಕೊಂಡು ಯಾರೋ ನರಳಿದ ಹಾಗಿತ್ತು. ಅಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ತಾನು ಹೆತ್ತ ಮಗಳನ್ನು ತಾನೇ ಮುರಿದೆ ಅನ್ನಿಸಿತು. ಹಾಗನ್ನಿಸಿದ್ದು ತಪ್ಪೂ ಆಗಿರಲಿಲ್ಲ.

ತುಂಬ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಗುಬ್ಬಿಯ ಮುಖ ಊದಿತ್ತು, ಮುಂಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾಳೆ ನಮ್ಮ ಸ್ಕೂಲಲ್ಲಿ ಇದನ್ನ ಹೇಳ್ತೀಯಾ?"

"ನೀನು ಬೇಡ ಅಂದ್ರೆ..." ಬೇಡ ಅಂದರೆ ಏನು ಮಾಡುತ್ತೇನೆ ಎಂದು ಅಮ್ಮನಿಗೇ ತಿಳಿಯದು.

"ಹೇಳು. ಗೊರಕೆ ಅಂತಾನೇ ಹೇಳು. ಕಂಡುಬಂದಲ್ಲಿ ಗಿಂಡುಬಂದಲ್ಲಿ ಅನ್ಬೇಡ." ಅವಳು ಮೂಗು ಒರೆಸಿಕೊಂಡಳು. "ಆದ್ರೆ ಮೊದ್ಲು ಆಂಟಿಗೆ ಗೊತ್ತಾಗ್ಬೇಕು. ಯಾರೋ ಹುಡುಗ್ರು ಹೋಗಿ ಹೇಳೋದು ಬೇಡ. ನಾನೇ ಹೇಳ್ತೀನಿ."

"ನಾನು ಹೇಳ್ತೀನಿ ಪುಟ್ಟಾ, ನೀನು ಬರೋದೇ ಬೇಡ."

"ಇಲ್ಲಮ್ಮಾ. ನಿದ್ದೇಲೇ ಹೋದ ಅಂತ ಹೇಳಿದ್ದು ನಾನಲ್ವಾ?"

ಅವತ್ತೇ ಸಂಜೆ ಇಬ್ಬರೂ ಮಾಳಿಗೆಯ ಮೆಟ್ಟಿಲು ಹತ್ತಿದರು. ಟೈಲರ್ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಪಕ್ಕದಲ್ಲಿ ಹೊಸ ಶಾಲಾ ವರ್ಷದ ತರಗತಿಗಳಿಗೆಂದು ಹೊಲಿದಿಟ್ಟ ಬಿಳಿ ಅಂಗಿಗಳ ರಾಶಿ. ಗುಬ್ಬಿಯನ್ನು ನೋಡಿದ್ದೇ ಅವಳ ಮುಖ ಅರಳಿತು.

"ಬಾ ಮಗಾ, ಇಷ್ಟು ಹೊತ್ತಾದ್ರೂ ಬರ್ಲಿಲ್ವಲ್ಲ ಅಂತ ದಾರಿ ನೋಡ್ತಿದ್ದೆ. ಬನ್ನಿ ಮೇಡಂ, ಕೂತ್ಕೊಳಿ. ಆ ಸ್ಟೂಲ್ ಮೇಲಿನ ಬಟ್ಟೆ ಆಚೆ ನೂಕಿ."

ಗುಬ್ಬಿ ಕೂರಲಿಲ್ಲ. ಯಂತ್ರದ ಎದುರಿಗೆ ನಿಂತೇ ಹೇಳಿದಳು. ಒಮ್ಮೆ ಶುರುವಾದ ಮೇಲೆ ಮಾತು ನಿಲ್ಲಲಿಲ್ಲ. ಅವನು ಮಲಗಿದ್ದು, ಗೊರಕೆ, ಗೆಳತಿ ಫೋನ್ ಮಾಡೋಣ ಅಂದದ್ದು, ತಾನು ಬೇಡ ಅಂದದ್ದು. "ಅವನು ನಿದ್ದೇಲಿ ಹೋಗ್ಲಿಲ್ಲ ಆಂಟಿ. ಎಬ್ಬಿಸಿದ್ರೆ, ಫೋನ್ ಮಾಡಿದ್ರೆ ಉಳೀತಿದ್ದ."

"ತಪ್ಪು ನಂದು ಅಕ್ಕಾ. ನಿದ್ದೇಲಿ ಹೋದ ಅಂತ ಇವಳಿಗೆ ಸುಳ್ಳು ಹೇಳಿದ್ದು ನಾನು" ಎಂದು ಗೊಂಬೆ ಮೇಡಂ ಮುಂದೆ ಬಂದಳು. ಟೈಲರ್ ಅಕ್ಕ ಅವಳ ಕಡೆ ನೋಡಲೇ ಇಲ್ಲ. ಯಂತ್ರದ ಚಕ್ರದ ಮೇಲೆ ಕೈ ಇಟ್ಟುಕೊಂಡು ಗುಬ್ಬಿಯನ್ನೇ ನೋಡುತ್ತಿದ್ದಳು.

"ತುಂಬ ಹೊತ್ತು ಗೊರಕೆ ಹೊಡೀತಿದ್ನಾ?"

"ಹೌದು ಆಂಟಿ."

"ಅಷ್ಟು ಹೊತ್ತೂ ಬದುಕಿದ್ದ."

"ಹೌದು."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಟೈಲರ್ ಅಕ್ಕ ಸೂಜಿಯ ಕೆಳಗೆ ಸಿಕ್ಕಿದ್ದ ಬಟ್ಟೆಯನ್ನು ಬಿಡಿಸಿ, ನೂಲು ಕತ್ತರಿಸಿ, ಪಕ್ಕಕ್ಕಿಟ್ಟಳು. ಎದ್ದು ಬಂದು ಗುಬ್ಬಿಯ ತಲೆಯ ಮೇಲೆ ಕೈ ಇಟ್ಟಳು.

"ನಾನಾಗಿದ್ರೂ ಎಬ್ಬಿಸ್ತಿರ್ಲಿಲ್ಲ ಮಗಾ. ಪರೀಕ್ಷೆ ಅಂತ ನಿದ್ದೆಗೆಟ್ಟಿದೆ ಕೂಸು, ಮಲಗ್ಲಿ ಅಂತ ನಾನೂ ಹೊದಿಸಿ, ದೀಪ ಆರಿಸಿ ಹೋಗ್ತಿದ್ದೆ."

ಈ ತಾಯಿ ಕ್ಷಮಿಸಿದಳು, ಮಗಳು ಇನ್ನು ಬದುಕಿಕೊಳ್ಳುತ್ತಾಳೆ ಎಂದು ಗೊಂಬೆ ಮೇಡಂ ಅವರ ಕಣ್ಣು ತುಂಬಿ ಬಂತು. ಆದರೆ ಟೈಲರ್ ಅಕ್ಕ ಕೈ ತೆಗೆದಿರಲಿಲ್ಲ. ಗುಬ್ಬಿಯ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸವರಿದಳು, ಕಿವಿಯ ಹಿಂದೆ ಸಿಕ್ಕಿಸಿದಳು, ತನ್ನ ಮಗನಿಗೇ ಏನನ್ನೋ ಹೇಳುವಷ್ಟು ಮೆತ್ತಗೆ ಹೇಳಿದಳು.

"ನಾಳೆಯಿಂದ ಬರ್ಬೇಡ ಮಗಾ."

"ಆಂಟಿ..."

"ಸಿಟ್ಟಲ್ಲ ಕಣೆ. ನಿನ್ನ ಮೇಲೆ ಸಿಟ್ಟು ಬರಲ್ಲ ನಂಗೆ. ಇಷ್ಟು ದಿನ ನಿನ್ನ ಮುಖ ನೋಡಿದ್ರೆ ಅವನು ನಿದ್ದೆ ಮಾಡ್ತಿದ್ದ. ಇನ್ನು ನಿನ್ನ ನೋಡಿದಾಗೆಲ್ಲ ಅವನು ಉಸಿರಿಗೆ ಒದ್ದಾಡ್ತಾನೆ. ನಂಗೆ ಆಗಲ್ಲ."

ಗುಬ್ಬಿ ತಲೆಯಾಡಿಸಿದಳು. "ಆಯ್ತು ಆಂಟಿ" ಎಂದಳು. ಟೈಲರ್ ಅಕ್ಕ ಬಾಗಿಲವರೆಗೂ ಬಂದು, ಮೆಟ್ಟಿಲು ಕತ್ತಲಿದೆ ಹುಷಾರು ಎಂದು ಇಬ್ಬರಿಗೂ ಹೇಳಿ, ಅವರು ಪೂರ್ತಿ ಇಳಿಯುವ ಮೊದಲೇ ಬಾಗಿಲು ಹಾಕಿಕೊಂಡಳು.